ಮನೆಯ ಪತ್ರ ಬ್ಯಾಂಕಿನಲ್ಲಿದ್ದಾಗ ಶಿಕ್ಷಣ ಸಾಲವನ್ನು ಬೇಗ ತೀರಿಸಬೇಕೇ? ಒಂದು ಆಪ್ತಸಲಹೆ ಪ್ರಕರಣ

ಈ ಬರಹದಲ್ಲಿ ಹೆಸರು, ಊರು ಮತ್ತು ಉದ್ಯೋಗದ ವಿವರಗಳನ್ನು ಬದಲಿಸಿದ್ದೇನೆ. ಮೊತ್ತಗಳನ್ನು ಸಮೀಪದ ಅಂಕಿಗಳಿಗೆ ಹೊಂದಿಸಿ, ಲೆಕ್ಕ ಹಿಡಿತದಲ್ಲಿರಲೆಂದು ಶಿಕ್ಷಣ ಸಾಲದ ಬಡ್ಡಿಯನ್ನು ಉದ್ದಕ್ಕೂ ಶೇ. 10 ಎಂದೇ ಇಟ್ಟುಕೊಂಡಿದ್ದೇನೆ. ಪ್ರಕರಣವನ್ನು ಬರೆಯಲು ಕುಟುಂಬದ ಒಪ್ಪಿಗೆ ಇದೆ.

ಅಂಕೋಲಾ ಮತ್ತು ಕುಮಟಾ ನಡುವಿನ ಕರಾವಳಿಯ ಊರೊಂದರ ಇಪ್ಪತ್ತೈದು ವರ್ಷದ ಯುವತಿ, ಇಲ್ಲಿ ನಾಗವೇಣಿ ಎಂದು ಕರೆಯುತ್ತೇನೆ, 2025ರ ಚೌತಿಗೆಂದು ಬೆಂಗಳೂರಿನಿಂದ ಊರಿಗೆ ಬಂದಿದ್ದಾಗ ತಂದೆ ತಾಯಿಯೊಂದಿಗೆ ಕಾರವಾರದ ನಮ್ಮ ಕೇಂದ್ರಕ್ಕೆ ಬಂದರು. 2018ರಲ್ಲಿ ಎಂಜಿನಿಯರಿಂಗ್ ಸೇರುವಾಗ ಅವರು ಒಂದು ಬ್ಯಾಂಕಿನಿಂದ ವರ್ಷಕ್ಕೆ 2 ಲಕ್ಷದಂತೆ ಒಟ್ಟು 8 ಲಕ್ಷ ರೂಪಾಯಿ ಶಿಕ್ಷಣ ಸಾಲ ಪಡೆದಿದ್ದರು. ಮೊತ್ತ ಏಳೂವರೆ ಲಕ್ಷವನ್ನು ಮೀರಿದ್ದರಿಂದ ತಂದೆಯ ಹೆಸರಿನ ಮನೆ ಮತ್ತು ಜಾಗದ ಮೂಲಪತ್ರಗಳನ್ನು ಬ್ಯಾಂಕು ಅಡವು ಇರಿಸಿಕೊಂಡಿತ್ತು. ತಂದೆ ಸಹಸಾಲಗಾರರೂ ಆಗಿದ್ದರು. ಓದು ಮುಗಿದು ಒಂದು ವರ್ಷ ಕಳೆದ ಮೇಲೆ, 2023ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 14,272 ರೂಪಾಯಿಯ ಕಂತು ಆರಂಭವಾಗಿ, ನನ್ನ ಬಳಿ ಬರುವ ಹೊತ್ತಿಗೆ ಇಪ್ಪತ್ತನಾಲ್ಕು ಕಂತುಗಳು ಒಂದೂ ತಪ್ಪದೆ ಸಂದಾಯವಾಗಿದ್ದವು.

ತಂದೆಯ ಮೊದಲ ಮಾತೇ ಲೆಕ್ಕದ ಬಗ್ಗೆ ಇತ್ತು. "ಎಂಟು ಲಕ್ಷ ತಕಂಡದ್ದು ಮೇಡಂ, ಮೂರು ಲಕ್ಷದ ಮೇಲೆ ಕಟ್ಟಿ ಆತು, ಇನ್ನೂ ಒಂಬತ್ತು ಲಕ್ಷದ ಮೇಲೆ ಅದೆ ಅಂತಾರೆ. ಇದು ಯಾವ ಲೆಕ್ಕ?" ಎಂದು ಕೇಳಿದರು. ಅವರು ಮೀನುಗಾರಿಕಾ ಬೋಟಿನಲ್ಲಿ ಪಾಲಿನ ಲೆಕ್ಕದಲ್ಲಿ ದುಡಿಯುವವರು. ಬಂದ ಮೀನಿಗೆ ಅಂದೇ ಲೆಕ್ಕ ತೀರುವ ಕಸುಬಿನಲ್ಲಿ ಬಾಳಿದವರಿಗೆ, ಕಟ್ಟಿದಷ್ಟೂ ಬೆಳೆದಂತೆ ಕಾಣುವ ಸಾಲ ಮೋಸವೆಂದೇ ತೋರುತ್ತದೆ. ಆದ್ದರಿಂದ ಸಲಹೆಯ ಮಾತು ಎತ್ತುವ ಮೊದಲು ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಕೊಡುವುದು ಅಗತ್ಯವೆನಿಸಿತು. ಓದಿನ ನಾಲ್ಕು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತು ಇರುವುದಿಲ್ಲವೇ ಹೊರತು ಬಡ್ಡಿ ನಿಲ್ಲುವುದಿಲ್ಲ. ಮೊದಲ ವರ್ಷ ಪಡೆದ 2 ಲಕ್ಷಕ್ಕೆ ಐದು ವರ್ಷದ ಸರಳ ಬಡ್ಡಿ 1 ಲಕ್ಷ, ಎರಡನೆಯದಕ್ಕೆ 80,000, ಮೂರನೆಯದಕ್ಕೆ 60,000, ನಾಲ್ಕನೆಯದಕ್ಕೆ 40,000. ಹೀಗೆ ಕೂಡಿದ 2.8 ಲಕ್ಷ ಅಸಲಿಗೆ ಸೇರಿ, ಕಂತು ಶುರುವಾದ ದಿನ ಸಾಲ 10.8 ಲಕ್ಷವಾಗಿತ್ತು. ಮೊದಲ ಕಂತಿನ 14,272ರಲ್ಲಿ 9,000 ರೂಪಾಯಿ ಬಡ್ಡಿಗೇ ಹೋಯಿತು. ಎರಡು ವರ್ಷದಲ್ಲಿ ಕಟ್ಟಿದ 3.42 ಲಕ್ಷದಲ್ಲಿ ಅಸಲಿಗೆ ಸಂದದ್ದು ಸುಮಾರು 1.4 ಲಕ್ಷ ಮಾತ್ರ, ಉಳಿದ ಬಾಕಿ 9.4 ಲಕ್ಷ. ಬ್ಯಾಂಕಿನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಇದನ್ನು ಸಾಲ ಕೊಡುವ ದಿನವೇ ಒಂದು ಹಾಳೆಯಲ್ಲಿ ಬರೆದು ತಂದೆ ತಾಯಿಯ ಕೈಗೆ ಕೊಡುವ ಪದ್ಧತಿ ಇದ್ದಿದ್ದರೆ ಎಷ್ಟೋ ಮನೆಗಳ ಸಂಕಟ ತಪ್ಪುತ್ತಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕುಟುಂಬ ಆಗಲೇ ಒಂದು ನಿರ್ಧಾರಕ್ಕೆ ಬಂದಿತ್ತು. ನಾಗವೇಣಿಯ ಉಳಿತಾಯ 4.2 ಲಕ್ಷ, ತಾಯಿಯ ಬಂಗಾರ ಅಡವಿಟ್ಟು 3 ಲಕ್ಷ, ಊರಿನ ಸೊಸೈಟಿಯಿಂದ ಶೇ. 13ರ ಬಡ್ಡಿಗೆ ಉಳಿದ 2.2 ಲಕ್ಷ ತಂದು ಚೌತಿ ಕಳೆದ ಕೂಡಲೇ ಸಾಲವನ್ನು ಪೂರ್ತಿ ಮುಗಿಸುವುದು. ನನ್ನಿಂದ ಅವರು ಬಯಸಿದ್ದು ಒಪ್ಪಿಗೆಯನ್ನು. ಈ ಆತುರದ ಹಿಂದೆ ಮೂವರಿಗೂ ಬೇರೆ ಬೇರೆ ಕಾರಣಗಳಿದ್ದುದರಿಂದ ಒಬ್ಬೊಬ್ಬರೊಂದಿಗೆ ಪ್ರತ್ಯೇಕವಾಗಿ ಮಾತನಾಡಿದೆ. ತಂದೆಗೆ ಮನೆಯ ಪತ್ರ ಬೇರೆಯವರ ಕಪಾಟಿನಲ್ಲಿದೆ ಎಂಬ ಅವಮಾನ. ತಾಯಿಗೆ ಮಗಳ ಸಂಬಂಧ ನೋಡಲು ಬರುವವರು ಸಾಲದ ಸುದ್ದಿ ಕೇಳಿ ಹಿಂದೆ ಸರಿದಾರು ಎಂಬ ಅಂಜಿಕೆ. ಮಗಳಿಗಾದರೋ, ಮದುವೆಯ ನಂತರ ತನ್ನ ಸಂಬಳದಿಂದ ತವರಿನ ಮನೆಯ ಮೇಲಿನ ಸಾಲ ಕಟ್ಟಲು ಗಂಡನ ಮನೆಯವರು ಒಪ್ಪದಿದ್ದರೆ ಅಪ್ಪ ಒಬ್ಬರೇ ಹೊರಬೇಕಾದೀತು ಎಂಬ ಕಳವಳ. ಜೊತೆಗೆ, ತನಗಾಗಿ ಮನೆ ಅಡವಾಯಿತೆಂಬ ತಪ್ಪಿತಸ್ಥ ಭಾವ ಆಕೆಯ ಪ್ರತಿ ಮಾತಿನಲ್ಲೂ ಇತ್ತು. ಕಚೇರಿಯ ಸಹೋದ್ಯೋಗಿಯೊಬ್ಬರು ಮಾತ್ರ, ತೆರಿಗೆ ಉಳಿಯುತ್ತದೆ, ಶಿಕ್ಷಣ ಸಾಲವನ್ನು ಬೇಗ ತೀರಿಸಬೇಡ ಎಂದಿದ್ದರಂತೆ.

ತೆರಿಗೆಯ ಮಾತನ್ನು ಬೇಗ ಇತ್ಯರ್ಥಗೊಳಿಸಬಹುದಿತ್ತು. ಆಗ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾಯ್ದೆ 1961ರ 80ಇ ಕಲಮಿನಡಿ ಶಿಕ್ಷಣ ಸಾಲದ ಬಡ್ಡಿಗೆ, ಅಸಲಿಗಲ್ಲ, ಗರಿಷ್ಠ ಎಂಟು ವರ್ಷ, ಮೊತ್ತದ ಮಿತಿಯಿಲ್ಲದೆ ತೆರಿಗೆಯ ಆದಾಯದಲ್ಲಿ ಕಡಿತ ಸಿಗುತ್ತಿತ್ತು. ಆದರೆ ತೆರಿಗೆದಾರರು ಆರಿಸಿಕೊಳ್ಳಬಹುದಾದ ಹಳೆಯ, ಹೊಸ ಎಂಬ ಎರಡು ತೆರಿಗೆ ಪದ್ಧತಿಗಳಲ್ಲಿ ಹಳೆಯದರಲ್ಲಿ ಮಾತ್ರ. ನಾಗವೇಣಿಯ ವಾರ್ಷಿಕ ಆದಾಯ 6.4 ಲಕ್ಷದ ಆಸುಪಾಸು. 2025–26ನೇ ಸಾಲಿನಲ್ಲಿ ಹೊಸ ಪದ್ಧತಿಯಡಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಯಾಯಿತಿ ಕಳೆದರೆ ತೆರಿಗೆಯೇ ಉಳಿಯುವುದಿಲ್ಲ, ಇಲ್ಲದ ತೆರಿಗೆಯಲ್ಲಿ ಉಳಿಸುವಂಥದ್ದೇನೂ ಇಲ್ಲ. ಹೆಚ್ಚಿನ ಸಂಬಳದೊಂದಿಗೆ ಹಳೆಯ ಪದ್ಧತಿಯಲ್ಲಿರುವ ಸಹೋದ್ಯೋಗಿಗೆ ಸರಿಹೊಂದುವ ಸಲಹೆ ಈಕೆಗೆ ಹೊಂದುತ್ತಿರಲಿಲ್ಲ. ಠೇವಣಿಯಲ್ಲಿ ಶೇ. 7ರ ಒಳಗೆ ದುಡಿಯುವ ಹಣವನ್ನು ಶೇ. 10ರ ಸಾಲಕ್ಕೆ ಕಟ್ಟುವುದು ಲೆಕ್ಕದ ದೃಷ್ಟಿಯಿಂದ ಸರಿಯೇ ಎಂದು ಮೊದಲಿಗೇ ಸ್ಪಷ್ಟಪಡಿಸಿದೆ. ವ್ಯಕ್ತಿಗಳಿಗೆ ಕೊಟ್ಟ ಚರ ಬಡ್ಡಿಯ, ಅಂದರೆ ದರ ಕಾಲಕಾಲಕ್ಕೆ ಬದಲಾಗುವ, ಇಂಥ ಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕು ದಂಡ ವಿಧಿಸುವಂತಿಲ್ಲವೆಂಬ ರಿಸರ್ವ್ ಬ್ಯಾಂಕಿನ ಆದೇಶ 2014ರಿಂದಲೂ ಇದೆ. ಹಾಗಾಗಿ ತೀರಿಸಬೇಕೇ ಬೇಡವೇ ಎಂಬುದು ಇಲ್ಲಿ ನಿಜವಾದ ಪ್ರಶ್ನೆಯಾಗಿರಲಿಲ್ಲ. ಯಾವ ಹಣದಿಂದ, ಯಾವ ಸಾಲವನ್ನು ಮೊದಲು, ಮತ್ತು ತೀರಿಸಿದ ಮರುದಿನ ಕೈಯಲ್ಲಿ ಎಷ್ಟು ಉಳಿದಿರಬೇಕು ಎಂಬುದನ್ನು ನಿರ್ಧರಿಸಬೇಕಿತ್ತು.

ಮಾತಿನ ನಡುವೆ ತಾಯಿ, ಮನೆಯ ಮಾಡು ರಿಪೇರಿಗೆ ಮಾಡಿದ ಸೊಸೈಟಿ ಸಾಲದಲ್ಲಿ ಇನ್ನೂ 80,000 ಬಾಕಿ ಇದೆ, ಅದರ ಕಂತಿಗೆ ಮಗಳೇ ತಿಂಗಳಿಗೆ 3,000 ಕಳಿಸುತ್ತಾಳೆ ಎಂದರು. ಅದು ಶೇ. 13ರ ಸಾಲ. ಎಲ್ಲರೂ ದೊಡ್ಡ ಸಾಲದ ಕಡೆಗೇ ನೋಡುತ್ತಿದ್ದುದರಿಂದ ಹೆಚ್ಚು ಬಡ್ಡಿಯ ಸಣ್ಣ ಸಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಮೊದಲು ತೀರಬೇಕಾದದ್ದು ಅದು, ಶೇ. 10ರ ಸಾಲ ಮುಗಿಸಲು ಅಲ್ಲಿಂದಲೇ ಇನ್ನೂ 2.2 ಲಕ್ಷ ತರುವ ಆಲೋಚನೆಯನ್ನು ಬಿಡಬೇಕೆಂದು ನೇರವಾಗಿ ಹೇಳಿದೆ.

ಬಂಗಾರದ ವಿಷಯದಲ್ಲಿ ಬಡ್ಡಿಗಿಂತ ಅವಧಿಯೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿತು. ಬಂಗಾರದ ಮೇಲಿನ ಸಾಲ ಸಾಮಾನ್ಯವಾಗಿ ಒಂದು ವರ್ಷದ್ದು; ಅವಧಿ ಮುಗಿದಾಗ ಅಸಲು ಬಡ್ಡಿ ಕಟ್ಟಿ ಬಿಡಿಸಿಕೊಳ್ಳಬೇಕು, ಇಲ್ಲವೇ ಬಡ್ಡಿ ಕಟ್ಟಿ ನವೀಕರಿಸುತ್ತಾ ಹೋಗಬೇಕು, ಎರಡೂ ಆಗದಿದ್ದರೆ ಹರಾಜು. ಇನ್ನೂ ಎಂಟು ವರ್ಷ ಕಾಯಲು ಸಿದ್ಧವಿರುವ ಸಾಲವನ್ನು ಕೊಟ್ಟು ಒಂದೇ ವರ್ಷ ಕಾಯುವ ಸಾಲವನ್ನು ತಂದಂತಾಗುತ್ತಿತ್ತು. ಕಡಲು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮುಚ್ಚಿರುವ ಅರವತ್ತೊಂದು ದಿನ ಈ ಮನೆಗೆ ತಂದೆಯ ದುಡಿಮೆ ಇರುವುದಿಲ್ಲ. ಮಗಳ ಉಳಿತಾಯವೂ ಖಾಲಿ, ಬಂಗಾರವೂ ಅಡವಿನಲ್ಲಿ ಎಂಬ ಸ್ಥಿತಿಯಲ್ಲಿ ಆ ಎರಡು ತಿಂಗಳೊಳಗೆ ಒಂದು ಕಾಯಿಲೆ ಬಂದರೂ, ಬೆಂಗಳೂರಿನ ಕೆಲಸ ಹೋದರೂ, ಕೈಚಾಚಲು ಉಳಿಯುವುದು ಕೈಸಾಲವೊಂದೇ.

ತಂದೆಯೊಂದಿಗೆ ಹೆಚ್ಚು ಹೊತ್ತು ಕಳೆದದ್ದು ಮನೆಯ ಪತ್ರದ ವಿಚಾರದಲ್ಲಿ. ಸಾಲದಲ್ಲಿ ಅರ್ಧ ಕಟ್ಟಿದರೆ ಅರ್ಧ ಜಾಗ ಬಿಡುಗಡೆಯಾಗುವುದಿಲ್ಲ, ಕೊನೆಯ ರೂಪಾಯಿ ಸಂದ ಮೇಲೆಯೇ ಪತ್ರ ಕೈಗೆ ಬರುತ್ತದೆ. ಅಲ್ಲಿಯವರೆಗೆ ಮನೆಗೆ ಅಪಾಯ ಬರುವುದು ಬಾಕಿ ದೊಡ್ಡದಿದ್ದುದರಿಂದಲ್ಲ, ಕಂತು ತಪ್ಪಿದ್ದರಿಂದ. ತೊಂಬತ್ತು ದಿನಕ್ಕೂ ಹೆಚ್ಚು ಕಂತು ನಿಂತರೆ ಸಾಲ ಎನ್‌ಪಿಎ, ಅಂದರೆ ಮರುಪಾವತಿ ನಿಂತ ಸಾಲವೆಂದು ದಾಖಲಾಗುತ್ತದೆ. ಆ ಬಳಿಕ 2002ರ ಸರ್ಫೇಸಿ ಕಾಯ್ದೆಯಡಿ ಅಡವಿನ ಆಸ್ತಿಯ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಬ್ಯಾಂಕಿಗೆ ಬರುತ್ತದೆ. ಹೀಗಿರುವಾಗ 9.4 ಲಕ್ಷದ ಬಾಕಿಯನ್ನು 5.2 ಲಕ್ಷಕ್ಕೆ ಇಳಿಸಿ ಕೈ ಬರಿದು ಮಾಡಿಕೊಂಡ ಕುಟುಂಬಕ್ಕಿಂತ, 8.5 ಲಕ್ಷ ಬಾಕಿ ಇದ್ದು ಆರು ತಿಂಗಳ ಕಂತು ಮತ್ತು ಖರ್ಚನ್ನು ಪ್ರತ್ಯೇಕವಾಗಿ ಇಟ್ಟುಕೊಂಡ ಕುಟುಂಬದ ಮನೆ ಹೆಚ್ಚು ಸುರಕ್ಷಿತ. ಈ ಮಾತು ತಂದೆಗೆ ಕೂಡಲೇ ಒಪ್ಪಿಗೆಯಾಗಲಿಲ್ಲ. ಸಾಲ ಇಟ್ಟುಕೊಂಡು ಬ್ಯಾಂಕಿನಲ್ಲಿ ಹಣ ಇಡುವುದು ಸರಿಯಲ್ಲವೆಂಬ ಅವರ ನಂಬಿಕೆ ಗೌರವಕ್ಕೆ ಅರ್ಹವಾದದ್ದು, ಅದರ ಬಲದಿಂದಲೇ ಒಂದು ಕಂತೂ ತಪ್ಪಿರಲಿಲ್ಲ. ಆದ್ದರಿಂದ ಆ ಹಣವನ್ನು ಉಳಿತಾಯವೆಂದು ಕರೆಯದೆ, ಮನೆಯ ಪತ್ರವನ್ನು ಕಾಯುವ ಹಣವೆಂದು ಪ್ರತ್ಯೇಕ ಠೇವಣಿಯಲ್ಲಿ ಇಡಲು ಸೂಚಿಸಿದೆ. ಹೆಚ್ಚು ಬಡ್ಡಿಯ ಆಸೆಗೆ ಅದನ್ನು ಸೊಸೈಟಿಯಲ್ಲಿ ಇಡದೆ, ಐದು ಲಕ್ಷದವರೆಗೆ ಠೇವಣಿ ವಿಮೆ ಇರುವ ಬ್ಯಾಂಕಿನಲ್ಲೇ ಇಡಬೇಕೆಂದೂ ತಿಳಿಸಿದೆ.

ಕೊನೆಗೆ ಕೊಟ್ಟ ಸಲಹೆ ಹೀಗಿತ್ತು. ನಾಗವೇಣಿಯ ಬೆಂಗಳೂರಿನ ಖರ್ಚು 20,000, ಸಾಲದ ಕಂತು, ಮನೆಗೆ ಕಳಿಸುವುದು ಸೇರಿ ತಿಂಗಳಿಗೆ ಸುಮಾರು 42,000 ಬೇಕಾಗುವುದರಿಂದ 2.5 ಲಕ್ಷವನ್ನು ಮುಟ್ಟದೆ ಇಡುವುದು. 80,000ದಿಂದ ಸೊಸೈಟಿ ಸಾಲವನ್ನು ಮುಗಿಸುವುದು. ಉಳಿದ 90,000ವನ್ನು ಶಿಕ್ಷಣ ಸಾಲದ ಅಸಲಿಗೆ ಕಟ್ಟುವುದು. ಬಂಗಾರ ಮನೆಯಲ್ಲೇ ಇರುವುದು. ಈ 90,000 ಕಟ್ಟುವಾಗ ಒಂದು ಎಚ್ಚರಿಕೆ ಬಹಳ ಮುಖ್ಯ. ಹಣವನ್ನು ಮುಂದಿನ ತಿಂಗಳುಗಳ ಮುಂಗಡ ಕಂತೆಂದು ಜಮಾ ಮಾಡಿಕೊಳ್ಳದೆ ಅಸಲಿಗೆ ಜಮಾ ಮಾಡಬೇಕು, ಕಂತನ್ನು ಅಷ್ಟೇ ಇರಿಸಿ ಅವಧಿಯನ್ನು ಕಡಿಮೆ ಮಾಡಬೇಕು ಎಂದು ಬ್ಯಾಂಕಿಗೆ ಬರಹದಲ್ಲಿ ಕೊಟ್ಟು, ಹೊಸ ಕಂತುಪಟ್ಟಿಯನ್ನು ಪಡೆಯಬೇಕು. ಕಂತು ಅಷ್ಟೇ ಇದ್ದರೆ ಉಳಿದ 96 ತಿಂಗಳು 83ಕ್ಕೆ ಇಳಿದು ಸುಮಾರು 1 ಲಕ್ಷ ಬಡ್ಡಿ ಉಳಿಯುತ್ತದೆ. ಅವಧಿ ಅಷ್ಟೇ ಇದ್ದು ಕಂತು 12,900ಕ್ಕೆ ಇಳಿದರೆ ಉಳಿಯುವುದು ಸುಮಾರು 42,000 ಮಾತ್ರ. ಕಟ್ಟುವ ಹಣ ಅದೇ 90,000, ಒಂದು ಅರ್ಜಿಯಿಂದ ಇಷ್ಟು ಅಂತರ. ಇನ್ನು ಸೊಸೈಟಿ ಸಾಲ ಮುಗಿದು ಬಿಡುವಾದ 3,000ವನ್ನು ಪ್ರತಿ ತಿಂಗಳು ಕಂತಿನ ಜೊತೆಗೇ ಸೇರಿಸಿ ಕಟ್ಟಿದರೆ 83 ತಿಂಗಳು 64ಕ್ಕೆ ಬರುತ್ತದೆ. ಎಂಟು ವರ್ಷದ ಸಾಲ ಐದು ವರ್ಷ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ, ಹೊಸ ಸಾಲದ ಹಂಗಿಲ್ಲದೆ.

ಬಡ್ಡಿದರದ ಬಗ್ಗೆಯೂ ಒಂದು ಕೆಲಸ ಬಾಕಿ ಇತ್ತು. 2018ರ ಈ ಸಾಲ ಎಂಸಿಎಲ್‌ಆರ್‌ಗೆ, ಅಂದರೆ ಬ್ಯಾಂಕು ತನ್ನ ನಿಧಿಯ ವೆಚ್ಚ ನೋಡಿ ತಾನೇ ನಿಗದಿಪಡಿಸುವ ದರಕ್ಕೆ ಜೋಡಿಸಿದ್ದು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಚರ ಬಡ್ಡಿ ವೈಯಕ್ತಿಕ ಸಾಲಗಳು ರೆಪೊದಂತಹ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಸಾಲ ಕೊಡುವ ದರ) ಬಾಹ್ಯ ದರಕ್ಕೆ ಜೋಡಣೆಯಾಗುತ್ತಿವೆ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರೆಪೊ ದರ ಶೇ. 6.5ರಿಂದ 5.5ಕ್ಕೆ ಇಳಿದ ಲಾಭ ಹಳೆಯ ಸಾಲಗಾರರಿಗೆ ತಡವಾಗಿ, ಕೆಲವೊಮ್ಮೆ ಅರೆಬರೆಯಾಗಿ ತಲುಪುತ್ತದೆ. ಬಾಹ್ಯ ದರಕ್ಕೆ ಬದಲಾಯಿಸಿಕೊಡಲು ಅರ್ಜಿ ಕೊಡುವಂತೆ ಹೇಳಿದೆ. ಶೇ. 1ರಷ್ಟು ಇಳಿದರೂ 8.5 ಲಕ್ಷದ ಮೇಲೆ ವರ್ಷಕ್ಕೆ ಸುಮಾರು 8,500 ರೂಪಾಯಿ.

ಮದುವೆಯ ವಿಷಯದಲ್ಲಿ ತಾಯಿಗೆ ನನ್ನ ಮಾತು ಕಠಿಣವೆನಿಸಿರಬಹುದು. ಸಂಬಂಧದ ಮಾತುಕತೆ ಗಟ್ಟಿಯಾಗುವ ಹಂತದಲ್ಲೇ ಸಾಲ ಎಷ್ಟಿದೆ, ಎಂದು ಮುಗಿಯುತ್ತದೆ, ಅಲ್ಲಿಯವರೆಗೆ ಮಗಳ ಸಂಬಳದಿಂದ ಎಷ್ಟು ಹೋಗುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಬೇಕು ಎಂದೆ. ಈ ಸಾಲಕ್ಕೆ ಹೊಣೆ ಮಗಳು ಮತ್ತು ತಂದೆ, ಮುಂದೆ ಬರುವ ಗಂಡ ಅಲ್ಲ ಎಂಬುದನ್ನೂ ವಿವರಿಸಿದೆ. ಮುಗಿಯುವ ತಿಂಗಳನ್ನು ಕಾಗದದಲ್ಲಿ ತೋರಿಸಬಲ್ಲ ಹುಡುಗಿಯನ್ನು ಸಾಲದ ಕಾರಣಕ್ಕೆ ಬೇಡವೆನ್ನುವ ಮನೆಯವರು ಮದುವೆಯ ನಂತರವೂ ಅದೇ ಮಾತು ಎತ್ತುತ್ತಾರೆ. ನಾಗವೇಣಿಗೆ, ಬಾಕಿ ಮೊತ್ತಕ್ಕೆ ಸಮನಾದ ಸರಳ ಅವಧಿ ಜೀವವಿಮೆಯೊಂದನ್ನು (ಟರ್ಮ್ ಇನ್ಶೂರೆನ್ಸ್) ಮಾಡಿಸಿ ತಂದೆಯನ್ನು ನಾಮಿನಿ ಮಾಡಲು ಹೇಳಿದೆ. ಆಕೆಗೆ ಏನಾದರೂ ಆದರೆ ಸಹಸಾಲಗಾರರಾದ ತಂದೆಯ ಮೇಲೆ ಇಡೀ ಸಾಲ ಬೀಳುತ್ತದೆ ಎಂಬುದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ತಾನು ಕಟ್ಟುತ್ತಿರುವುದು ಅಪ್ಪನಿಗೆ ಮಾಡಿದ ತಪ್ಪಿನ ದಂಡವಲ್ಲ, ಕುಟುಂಬ ಕೂಡಿ ಮಾಡಿದ ಒಂದು ಹೂಡಿಕೆಯ ವೆಚ್ಚ ಎಂಬ ಮಾತಿಗೆ ಆಕೆ ಬಹಳ ಹೊತ್ತು ಅತ್ತಳು. ತಂದೆಯೇ ಆಗ, "ನಿನ್ನ ಕಲಿಸಿದ್ದು ನೀ ಕೇಳಿದ್ದಕ್ಕಲ್ಲ, ನನ್ನ ಖುಷಿಗೆ ಮಗಾ" ಎಂದರು. ಬೇರೆ ಯಾರ ಸಮಾಧಾನವೂ ಆ ಮಾತಿನಷ್ಟು ಕೆಲಸ ಮಾಡುತ್ತಿರಲಿಲ್ಲ.

ನವೆಂಬರ್‌ನಲ್ಲಿ ಫೋನಿನಲ್ಲಿ ಮಾತನಾಡಿದಾಗ ಸೊಸೈಟಿ ಸಾಲ ಮುಗಿದಿತ್ತು, ಹೊಸ ಕಂತುಪಟ್ಟಿ ಕೈಗೆ ಬಂದಿತ್ತು, ದರ ಬದಲಾವಣೆಯ ಅರ್ಜಿಗೆ ಉತ್ತರ ಬರಬೇಕಿತ್ತು. ಸಾಲ ಪೂರ್ತಿ ತೀರಿದ ಮೂವತ್ತು ದಿನದೊಳಗೆ ಬ್ಯಾಂಕು ಮೂಲಪತ್ರ ಹಿಂದಿರುಗಿಸಬೇಕು, ತನ್ನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ 2023ರ ನಿಯಮವನ್ನು ತಂದೆ ನನ್ನಿಂದ ಇನ್ನೊಮ್ಮೆ ಹೇಳಿಸಿಕೊಂಡರು. ಎರಡನೇ ಪಿಯುಸಿಯಲ್ಲಿರುವ ಮಗನ ಮುಂದಿನ ಓದಿನ ಮಾತೂ ಬಂತು. ಅವನಿಗೆ ಸಾಲ ಮಾಡುವ ಮೊದಲು, ಆಯ್ದ ಕಾಲೇಜುಗಳಿಗೆ ಅಡವಿಲ್ಲದೆ ಸಾಲ ಕೊಡಿಸುವ, 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆ ಕಾಲೇಜು ಇದೆಯೇ ಎಂದು ನೋಡಬೇಕೆಂದೂ, ಆದಾಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಂಡು ಬಡ್ಡಿ ಸಹಾಯಧನಕ್ಕೆ ಕೇಳಬೇಕೆಂದೂ ಹೇಳಿದ್ದೇನೆ. ಸಹಾಯಧನ ಸಿಗದಿದ್ದರೂ ಓದಿನ ಕಾಲದ ಸರಳ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತಾ ಹೋಗಬೇಕು. 2 ಲಕ್ಷಕ್ಕೆ ಅದು ತಿಂಗಳಿಗೆ 1,667 ರೂಪಾಯಿ. ಅಷ್ಟನ್ನು ತಾನೇ ಕಟ್ಟುವುದಾಗಿ ತಂದೆ ಒಪ್ಪಿಕೊಂಡಿದ್ದಾರೆ, ಜೂನ್ ಮತ್ತು ಜುಲೈ ತಿಂಗಳದ್ದನ್ನು ಮೇ ತಿಂಗಳಲ್ಲೇ ಕಟ್ಟಿಬಿಡುವ ಷರತ್ತಿನೊಂದಿಗೆ.