ಹೊಸದಾಗಿ ತಂದ ನಾಯಿಮರಿ ರಾತ್ರಿಯೆಲ್ಲ ಅಳುತ್ತದೆ. ಏನು ಮಾಡಬೇಕು?

ಮೊದಲ ಎರಡು ಮೂರು ರಾತ್ರಿ ಅಳುವುದು ಸಹಜ. ನಿನ್ನೆಯವರೆಗೂ ಅದು ಅಮ್ಮನ ಹೊಟ್ಟೆಗೆ ಒತ್ತಿಕೊಂಡು, ಉಳಿದ ಮರಿಗಳ ಮೇಲೆ ಬಿದ್ದು ಮಲಗುತ್ತಿತ್ತು. ಇವತ್ತು ವರಾಂಡದಲ್ಲಿ ಒಂಟಿಯಾಗಿ ಕಟ್ಟಿಹಾಕಿದರೆ ಅಳದೆ ಇನ್ನೇನು ಮಾಡುತ್ತದೆ, ಅಲ್ವಾ?

ಅದರ ಹಾಸಿಗೆಯನ್ನು ನಿಮ್ಮ ಮಂಚದ ಪಕ್ಕದಲ್ಲೇ ಇಡಿ. ಒಂದು ರಟ್ಟಿನ ಡಬ್ಬ, ಒಳಗೆ ಹಳೇ ಕಾಟನ್ ಸೀರೆ ಸಾಕು. ತಾಯಿಯ ವಾಸನೆ ಇರುವ ಬಟ್ಟೆಯ ತುಂಡು ಸಿಕ್ಕರಂತೂ ತುಂಬಾ ಒಳ್ಳೆಯದು. ನಮ್ಮ ಮರಿ ಕುಂಯ್‌ಗುಟ್ಟಿದಾಗೆಲ್ಲ ನಾನು ಮಂಚದಿಂದ ಕೈ ಇಳಿಬಿಡುತ್ತಿದ್ದೆ. ಬೆರಳು ಮೂಸಿ, ತಣ್ಣನೆಯ ಮೂಗನ್ನು ಅಂಗೈಗೆ ಒತ್ತಿ ಮಲಗಿಬಿಡುತ್ತಿತ್ತು. "ಅಳಲಿ ಬಿಡಿ, ಅಭ್ಯಾಸ ಆಗುತ್ತೆ" ಅನ್ನುವ ಸಲಹೆ ನನಗಂತೂ ಒಪ್ಪಿಗೆಯಿಲ್ಲ.

8 ವಾರದ ಮರಿ ರಾತ್ರಿಯಿಡೀ ಉಚ್ಚೆ ತಡೆದುಕೊಳ್ಳಲಾರದು. ನಡುರಾತ್ರಿ ಎದ್ದು ಅತ್ತರೆ ಅಂಗಳಕ್ಕೋ ಬಾಲ್ಕನಿಗೋ ಎತ್ತಿಕೊಂಡು ಹೋಗಿ. ಕೆಲಸ ಮುಗಿದ ಮೇಲೆ ಸುಮ್ನೆ ವಾಪಸ್ ಮಲಗಿಸಿ, ಆಟ ಬೇಡ. ಹಗಲಲ್ಲೂ ನಿದ್ದೆಯಿಂದ ಎದ್ದ ಕೂಡಲೇ, ಊಟ ಆದ ಕೂಡಲೇ ಅದೇ ಜಾಗಕ್ಕೆ. ಹಾಲ್‌ನಲ್ಲೇ ಮಾಡಿಬಿಟ್ಟರೆ ಬೈಯಬೇಡಿ, ಒರೆಸಿ ಬಿಡಿ.

ಹಿಂದಿನ ಮನೆಯಲ್ಲಿ ಏನು ತಿನ್ನುತ್ತಿತ್ತೋ ಮೊದಲ ವಾರ ಅದನ್ನೇ ಕೊಡಿ, ದಿನಕ್ಕೆ 3-4 ಸಲ. ಪ್ರೀತಿಯಿಂದ ಬಟ್ಟಲು ತುಂಬಾ ಹಸುವಿನ ಹಾಲು ಕೊಟ್ಟು ಭೇದಿ ಮಾಡಿಸುವವರೇ ಜಾಸ್ತಿ!

ಲಸಿಕೆಗಳು ಮುಗಿಯುವವರೆಗೆ ಬೀದಿಯಲ್ಲಿ ಇಳಿಸಬೇಡಿ, ಪಾರ್ವೋ ಅನ್ನುವ, ಮರಿಗಳ ಜೀವಕ್ಕೇ ಅಪಾಯ ತರುವ ವೈರಸ್ ಕಾಯಿಲೆಯ ಭಯ ಇದೆ. ಎತ್ತಿಕೊಂಡೇ ರಸ್ತೆ ತೋರಿಸಿ. ಊಟ ಬಿಟ್ಟು ವಾಂತಿ, ರಕ್ತಭೇದಿ ಶುರುವಾದರೆ ಮಾತ್ರ ನಾಳೆಗೆ ಕಾಯದೆ ಪಶುವೈದ್ಯರ ಹತ್ತಿರ ಓಡಿ.