ಎಫ್‌ಡಿ ಹಣ ನಾಮಿನಿ ಅಣ್ಣನಿಗೇ ಸೇರುತ್ತದೆಯೇ?

ತಂದೆ ವಿಲ್ ಬರೆಯದೆ ತೀರಿಕೊಂಡರು, ಎಫ್‌ಡಿಗೆ ಅಣ್ಣ ನಾಮಿನಿ, ದುಡ್ಡೆಲ್ಲ ಅವನದೇನಾ ಅಂತ ಕೇಳಿದ್ದೀರಿ. ಅಲ್ಲ ಮೇಡಂ. ನಾಮಿನಿಗೆ ಹಣ ಕೊಟ್ಟು ಬ್ಯಾಂಕು ತನ್ನ ಹೊಣೆ ಕಳೆದುಕೊಳ್ಳುತ್ತದೆ, ಅಷ್ಟೇ. ಹಕ್ಕು ವಾರಸುದಾರರೆಲ್ಲರದು. ನೀವು ಹಿಂದೂಗಳಾಗಿದ್ದು ಹಣ ತಂದೆಯ ಸ್ವಯಾರ್ಜಿತವಾದರೆ ತಾಯಿ, ಅಣ್ಣ, ನೀವು ಸಮಪಾಲು. ತಂದೆಯ ತಾಯಿಯೂ ಬದುಕಿದ್ದಾರೆ ಅಂದಿರಲ್ಲ, ಆ ಅಜ್ಜಿಗೂ ಅಷ್ಟೇ ಪಾಲು, ಅಂದರೆ ತಲಾ ಕಾಲು ಭಾಗ. ಎಷ್ಟೋ ಮನೆಗಳಲ್ಲಿ ಅಜ್ಜಿಯನ್ನು ಮರೆತೇಬಿಡುತ್ತಾರೆ!

ಪ್ರೊಬೇಟ್, ಅಂದರೆ ವಿಲ್‌ಗೆ ಕೋರ್ಟು ಕೊಡುವ ದೃಢೀಕರಣ, ಅದರ ಚಿಂತೆ ಬಿಡಿ, ಅದು ವಿಲ್ ಇದ್ದಾಗಿನ ಮಾತು. ವಾರಸುದಾರರಿಗೆ ಕೋರ್ಟು ಕೊಡುವ ಸಕ್ಸೆಷನ್ ಸರ್ಟಿಫಿಕೇಟ್ ಠೇವಣಿ, ಷೇರುಗಳಂಥವಕ್ಕೆ, ತಂದೆಯ ಸೈಟಿಗೆ ನಡೆಯದು. ಸೈಟಿನ ಖಾತೆ ಬದಲಾವಣೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ ಕೇಳುತ್ತಾರೆ. ವಂಶವೃಕ್ಷದಲ್ಲಿ ನಿಮ್ಮ ಹೆಸರಿದೆಯೇ ಮೊದಲು ನೋಡಿ. ಅಣ್ಣ ಹಕ್ಕು ಬಿಡುಗಡೆ ಪತ್ರ ತಂದರೆ ಓದದೆ ಸಹಿ ಹಾಕಬೇಡಿ.