ಓದುಗರ ಪ್ರಶ್ನೆ: ಸ್ಪೋರ್ಟ್ಸ್ ಕಾರಿನ ವೇಗಕ್ಕೆ ಬೆಲೆ ಕಟ್ಟುವ ಬಗೆ

ಪ್ರಶ್ನೆ: 2020ರ ಮಾದರಿಯ ಶೆವರ್ಲೆ ಕಾರ್ವೆಟ್ ಅಮೆರಿಕದಲ್ಲಿ 59,995 ಡಾಲರ್ ಆರಂಭಿಕ ಬೆಲೆಗೆ ಬಂದಿತು. ಅದೇ ಮಾದರಿ ವರ್ಷದ ಪೋರ್ಷೆ 911 ಕರೆರಾದ ಬೆಲೆ ಅಲ್ಲಿ 97,400 ಡಾಲರ್. ಮೊದಲನೆಯದಕ್ಕೆ 490 ಅಶ್ವಶಕ್ತಿ, ಎರಡನೆಯದಕ್ಕೆ 379. ಹೆಚ್ಚು ಹಣ ಕೊಟ್ಟು ಕಡಿಮೆ ಶಕ್ತಿಯ ಕಾರನ್ನು ಕೊಳ್ಳುವವರು ಹೆಸರಿಗೆ ಮರುಳಾದವರೇ ಅಲ್ಲವೆ?

ಉತ್ತರ: ಸ್ವಲ್ಪ ಮಟ್ಟಿಗೆ ಹೌದು. ಆದರೆ ಕಾರ್ವೆಟ್ಟಿಗೆ ಅಷ್ಟು ಕಡಿಮೆ ಬೆಲೆ ಹೇಗೆ ಸಾಧ್ಯವಾಯಿತು ಎಂಬುದನ್ನು ಮೊದಲು ನೋಡಬೇಕು. ಅದರ 6.2 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್ 1955ರಲ್ಲಿ ಆರಂಭವಾದ, ಸ್ಮಾಲ್ ಬ್ಲಾಕ್ ಎಂದು ಹೆಸರಾದ ಶೆವರ್ಲೆ ಎಂಜಿನ್‌ಗಳ ಪರಂಪರೆಗೆ ಸೇರಿದ್ದು. ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಒಂದೇ, ಪ್ರತಿ ಸಿಲಿಂಡರಿಗೆ ಎರಡೇ ಕವಾಟ. ಇದೇ ಕುಟುಂಬದ ಎಂಜಿನ್‌ಗಳು ಶೆವರ್ಲೆಯ ಒಡೆತನದ ಜನರಲ್ ಮೋಟರ್ಸ್ ಕಂಪನಿಯ ಪಿಕಪ್ ಟ್ರಕ್ಕುಗಳನ್ನೂ ಎಳೆಯುವುದರಿಂದ, ಅವುಗಳನ್ನು ರೂಪಿಸಿದ ಖರ್ಚು ಬಹು ದೊಡ್ಡ ಸಂಖ್ಯೆಯ ವಾಹನಗಳ ಮೇಲೆ ಹಂಚಿಹೋಗುತ್ತದೆ. 911ರ 3 ಲೀಟರಿನ ಬಾಕ್ಸರ್ ಎಂಜಿನ್ನಿಗಾದರೋ (ಸಿಲಿಂಡರುಗಳು ಎದುರುಬದುರಾಗಿ ಮಲಗಿರುವ ಬಗೆ) ಆರು ಸಿಲಿಂಡರ್, ನಾಲ್ಕು ಕ್ಯಾಮ್‌ಶಾಫ್ಟ್, ಗಾಳಿಯನ್ನು ಒತ್ತಿ ತುಂಬುವ ಎರಡು ಟರ್ಬೊ. ಆ ಖರ್ಚನ್ನು ಹೊರುವ ಕಾರುಗಳು ಕೆಲವೇ.

ಇನ್ನು 911 ಕೊಂಡವರಿಗೆ, ಹೆಚ್ಚಾಗಿ ತೆತ್ತ 37,000ಕ್ಕೂ ಮೀರಿದ ಡಾಲರಿಗೆ ಸಿಗುವುದೇನು? 911 ಸುಮಾರು 1,500 ಕಿಲೋ ತೂಗಿದರೆ ಕಾರ್ವೆಟ್ ಅದಕ್ಕಿಂತ ನೂರೈವತ್ತು ಕಿಲೋದಷ್ಟು ಭಾರ. 911ರ ಎಂಜಿನ್ ಹಿಂದಿನ ಅಚ್ಚಿಗಿಂತಲೂ ಹಿಂದೆ ಕುಳಿತಿರುವುದರಿಂದ ತಿರುವಿನಿಂದ ಹೊರಬರುವಾಗ ಎಂಜಿನ್ನಿನ ಬಲ ತಲುಪುವ ಹಿಂದಿನ ಚಕ್ರಗಳ ಮೇಲೆ ಒಳ್ಳೆಯ ಭಾರವಿರುತ್ತದೆ. ಬ್ರೇಕ್ ಒತ್ತಿದಾಗ ತೂಕ ಮುಂದಕ್ಕೆ ವಾಲಿದರೂ ಹಿಂದಿನ ಚಕ್ರಗಳು ತಮ್ಮ ಪಾಲಿನ ಕೆಲಸವನ್ನು ಬಿಡುವುದಿಲ್ಲ. ಹಿಂದೆ ಎರಡು ಪುಟ್ಟ ಆಸನಗಳಿವೆ, ಮಕ್ಕಳಿಗೆ ಸಾಕು. ಕಾರ್ವೆಟ್ಟಿನಲ್ಲಿ ಅವೂ ಇಲ್ಲ. ಮರುಮಾರಾಟದಲ್ಲಿ 911 ತನ್ನ ಬೆಲೆಯನ್ನು ಚೆನ್ನಾಗಿ ಉಳಿಸಿಕೊಳ್ಳುವುದರಿಂದ, ಕೊಳ್ಳುವ ದಿನ ಕಾಣುವ ಅಂತರ ಮಾರುವ ದಿನದ ಹೊತ್ತಿಗೆ ಸ್ವಲ್ಪ ಕಿರಿದಾಗುತ್ತದೆ. ಇಷ್ಟೆಲ್ಲ ಕೂಡಿಸಿದರೂ ಪೂರ್ತಿ ಅಂತರಕ್ಕೆ ಸಮಾಧಾನ ಸಿಗದು. ನೇರ ರಸ್ತೆಯ ಓಟವನ್ನೇ ಅಳತೆಗೋಲಾಗಿ ಹಿಡಿದವರು ಕಾರ್ವೆಟ್ಟನ್ನು ಬಿಟ್ಟು ಬೇರೆ ಯೋಚಿಸಬೇಕಾಗಿಲ್ಲ, ಏಕೆಂದರೆ ಸ್ಪೋರ್ಟ್ಸ್ ಕಾರುಗಳ ಗುಣಗಳಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ದೊರೆಯುವುದು ನೇರ ಓಟವೇ.

ಪ್ರಶ್ನೆ: ಕಾರ್ವೆಟ್ 2.9 ಸೆಕೆಂಡಿನಲ್ಲಿ, 911 ಕರೆರಾ 4.2 ಸೆಕೆಂಡಿನಲ್ಲಿ ವೇಗ ಹಿಡಿಯುತ್ತವೆ ಎಂದು ಓದಿದೆ. ಅಷ್ಟೊಂದು ವ್ಯತ್ಯಾಸ ನಿಜವೇ?

ಉತ್ತರ: ನೀವು ಎರಡು ಬೇರೆ ಅಳತೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದೀರಿ. ಮೊದಲನೆಯದು ಗಂಟೆಗೆ 60 ಮೈಲಿಯವರೆಗಿನದು, ಎಂದರೆ ಸುಮಾರು 96.6 ಕಿಲೋಮೀಟರ್, ಅದೂ ಝಡ್51 ಎಂಬ ಹೆಚ್ಚುವರಿ ಸಲಕರಣೆಯನ್ನು ಕೊಂಡವರ ಕಾರಿನದು. ಎರಡನೆಯದು 100 ಕಿಲೋಮೀಟರಿನವರೆಗಿನದು. ಇದಲ್ಲದೆ ಅಮೆರಿಕದ ಪರೀಕ್ಷಕರಲ್ಲಿ ಹಲವರು, ನೇರ ಹಾದಿಯಲ್ಲಿ ಅಲ್ಪ ದೂರ ಓಡುವ ಡ್ರ್ಯಾಗ್ ಪಂದ್ಯಗಳ ಪದ್ಧತಿಯಂತೆ, ಕಾರು ಮೊದಲ ಒಂದು ಅಡಿ ಉರುಳಿದ ಮೇಲೆಯೇ ಗಡಿಯಾರವನ್ನು ಚಾಲೂ ಮಾಡುತ್ತಾರೆ. ಅಷ್ಟರಿಂದಲೇ ಸೆಕೆಂಡಿನ ಹತ್ತನೇ ಎರಡು ಮೂರು ಭಾಗ ಲೆಕ್ಕದಿಂದ ಜಾರಿಹೋಗುತ್ತದೆ. (ಸಂತೆಯಲ್ಲಿ ತಕ್ಕಡಿಯ ಮೇಲೆ ಕಣ್ಣಿಡುವವರು ಇಲ್ಲೂ ಇಡಬೇಕು.) ಪೋರ್ಷೆಯೇ ಅಮೆರಿಕದಲ್ಲಿ 60 ಮೈಲಿಗೆ ಹೇಳಿರುವ ಅಂಕಿ 4.0. ಕಾರ್ವೆಟ್ ವೇಗವಾದುದೆಂಬುದು ನಿಜ, ಆದರೆ ನೀವು ಓದಿದಷ್ಟು ಅಂತರದಿಂದಲ್ಲ.

ಪ್ರಶ್ನೆ: ಮಜ್ದಾ ಎಂಎಕ್ಸ್-5 ಮತ್ತು ಟೊಯೊಟಾ ಜಿಆರ್86, ಇವೆರಡರಲ್ಲಿ ಯಾವುದು ಕೊಟ್ಟ ಹಣಕ್ಕೆ ತಕ್ಕುದು?

ಉತ್ತರ: 2022ರಲ್ಲಿ ಅಮೆರಿಕದಲ್ಲಿ ಎರಡೂ 30,000 ಡಾಲರಿನೊಳಗೆ ಆರಂಭವಾಗುತ್ತಿದ್ದವು. ಮಜ್ದಾಕ್ಕೆ 181 ಅಶ್ವಶಕ್ತಿ, ಸುಮಾರು 1,060 ಕಿಲೋ. ಟೊಯೊಟಾಕ್ಕೆ 228 ಅಶ್ವಶಕ್ತಿ, ಸುಮಾರು 1,280 ಕಿಲೋ. ಭಾಗಿಸಿ ನೋಡಿದರೆ ಒಂದು ಟನ್ ತೂಕಕ್ಕೆ ಕ್ರಮವಾಗಿ 170 ಮತ್ತು 178ರ ಆಸುಪಾಸು. ಎಂದರೆ ನಲವತ್ತೇಳು ಅಶ್ವಶಕ್ತಿಯ ಮೇಲುಗೈಯನ್ನು ತೂಕವೇ ಬಹುಪಾಲು ನುಂಗಿಹಾಕಿದೆ. ಇಷ್ಟು ಶಕ್ತಿಯ ಕಾರಿನಲ್ಲಿ ಎಂಜಿನ್ನನ್ನು ಪೂರ್ತಿ ದುಡಿಸುತ್ತಾ ಗೇರ್ ಬದಲಿಸುವ ಸುಖ ಸಾಮಾನ್ಯ ರಸ್ತೆಯಲ್ಲೂ ದಕ್ಕುತ್ತದೆ. ಕಾರ್ವೆಟ್ಟಿನಲ್ಲಿ ಹಾಗೆ ಮಾಡಿದರೆ ಎರಡನೆಯ ಗೇರಿನಲ್ಲಿಯೇ ಕಾನೂನಿನ ಮಿತಿ ಮೀರಿರುತ್ತದೆ. ಮೇಲ್ಛಾವಣಿ ತೆರೆದು ಓಡಿಸುವ ಆಸೆಯುಳ್ಳವರು ಮಜ್ದಾ ಕೊಳ್ಳಲಿ. ಸಾಮಾನು ಹೇರುವವರು ಟೊಯೊಟಾ ಕೊಳ್ಳಲಿ. ನನ್ನ ಒಲವು ಮಜ್ದಾದ ಕಡೆಗೆ.

ಪ್ರಶ್ನೆ: ಅಗ್ಗದ ಸೂಪರ್ ಕಾರೆಂದು ಹೆಸರಾಗಿದ್ದ ನಿಸಾನ್ ಜಿಟಿ-ಆರ್ ದುಬಾರಿಯಾದದ್ದೇಕೆ?

ಉತ್ತರ: 2007ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಜಿಟಿ-ಆರ್‌ನ ಆರ್35 ಎಂಬ ಮಾದರಿ ಮರುವರ್ಷ ಅಮೆರಿಕಕ್ಕೆ ಬಂದಾಗ ಅದರ ಬೆಲೆ 69,850 ಡಾಲರ್, 2020ರ ಮಾದರಿಯ ಹೊತ್ತಿಗೆ ಅದು 1,13,000 ದಾಟಿತು. ಶಕ್ತಿ 480ರಿಂದ 565 ಅಶ್ವಶಕ್ತಿಗೆ ಏರಿತಾದರೂ ಚೌಕಟ್ಟು ಹಳೆಯದೇ, ತೂಕ 1,700 ಕಿಲೋಗಿಂತ ಮೇಲೆ. ಆ ವೇಳೆಗೆ ಕಾರ್ವೆಟ್ ಅದರ ಅರ್ಧದಷ್ಟು ಬೆಲೆಗೆ ಸಿಗುತ್ತಿತ್ತು. 2025ರ ಆಗಸ್ಟಿನಲ್ಲಿ ಆರ್35ರ ತಯಾರಿಕೆ ನಿಂತಿರುವುದರಿಂದ ಈಗ ಬಳಸಿದ ಕಾರನ್ನೇ ಹುಡುಕಬೇಕು. ಹಾಗೆ ಕೊಳ್ಳುವವರು ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದ ದಾಖಲೆಯನ್ನು ತಪ್ಪದೆ ಕೇಳಿ ನೋಡಲಿ.